ಲಾರ್ಡ್ ಪದವಿ ಭಾರತದ ಮನೆತನಕ್ಕೂ ಸಿಕ್ಕಿತ್ತಾ?

ಪ್ರಶ್ನೆ: ಬ್ರಿಟಿಷರು ನಮ್ಮವರಲ್ಲಿ ಎಷ್ಟೋ ಜನರಿಗೆ ‘ಸರ್’ ಪದವಿ ಕೊಟ್ಟಿದ್ದರು. ಅಪ್ಪನಿಂದ ಮಗನಿಗೆ ಹೋಗುವ ಲಾರ್ಡ್ ಪದವಿ ಯಾರಿಗಾದರೂ ಸಿಕ್ಕಿತ್ತಾ?

ಉತ್ತರ: ಸಿಕ್ಕಿತ್ತು, ಒಬ್ಬರಿಗೆ ಮಾತ್ರ. 1919ರಲ್ಲಿ ಬಂಗಾಳದ ಸತ್ಯೇಂದ್ರ ಪ್ರಸನ್ನ ಸಿನ್ಹಾ ಅವರು ‘ರಾಯಪುರದ ಬ್ಯಾರನ್ ಸಿನ್ಹಾ’ ಆದರು. ಬ್ಯಾರನ್ ಅಂದರೆ ಲಾರ್ಡ್ ಪದವಿಗಳಲ್ಲಿ ಒಂದು. ಈ ರಾಯಪುರ ಛತ್ತೀಸಗಢದ್ದಲ್ಲ, ಬೀರಭೂಮ್ ಜಿಲ್ಲೆಯ ಒಂದು ಹಳ್ಳಿ.

‘ಸರ್’ ಅನ್ನುವುದು ಸಾಮಾನ್ಯವಾಗಿ ಪಡೆದವರ ಜೊತೆಗೇ ಮುಗಿಯುತ್ತದೆ. ನಮ್ಮ ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಸಿಕ್ಕಿದ್ದು ಅಂಥದ್ದೇ. ಸಿನ್ಹಾ ಅವರ ಬ್ಯಾರನ್ ಪದವಿ ಮಾತ್ರ ಗಂಡುಮಕ್ಕಳ ಸಾಲಿನಲ್ಲಿ ಇಳಿದು ಬರುವಂಥದ್ದು. ಜೊತೆಗೆ ಲಂಡನ್ನಿನ ಲಾರ್ಡ್ಸ್ ಸಭೆಯಲ್ಲಿ, ಅಂದರೆ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಲ್ಲಿ, ಕೂರುವ ಹಕ್ಕೂ ಬರುತ್ತಿತ್ತು.

ಸಿನ್ಹಾ ಹೆಸರಾಂತ ಬ್ಯಾರಿಸ್ಟರ್. 1909ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಗೆ ಸೇರಿದ ಮೊದಲ ಭಾರತೀಯ. 1915ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಅವರೇ ಅಧ್ಯಕ್ಷರು. 1919ರಲ್ಲಿ ಲಂಡನ್ನಿನಲ್ಲಿ ಭಾರತದ ವಿಷಯ ನೋಡಿಕೊಳ್ಳುವ ಉಪಮಂತ್ರಿಯಾದರು. ಆ ವರ್ಷದ ಭಾರತ ಸರ್ಕಾರ ಕಾಯ್ದೆಯನ್ನು ಲಾರ್ಡ್ಸ್ ಸಭೆಯಲ್ಲಿ ಮುಂದೆ ನಿಂತು ಪಾಸು ಮಾಡಿಸಿದರು.

1928ರಲ್ಲಿ ಅವರು ತೀರಿಕೊಂಡರು. ಕಷ್ಟ ಶುರುವಾಗಿದ್ದು ಆಮೇಲೆ. ಪದವಿ ಮಗ ಅರುಣ್ ಕುಮಾರ್ ಅವರಿಗೆ ಹೋಗಬೇಕಿತ್ತು. ಆದರೆ ವಾರಸುದಾರ ಕಾನೂನು ಒಪ್ಪುವ ಮದುವೆಯಲ್ಲಿ ಹುಟ್ಟಿರಬೇಕು ಅನ್ನುವುದು ಷರತ್ತು. ಒಬ್ಬ ಗಂಡಿಗೆ ಒಬ್ಬಳೇ ಹೆಂಡತಿ ಇದ್ದರಷ್ಟೇ ಮದುವೆ ಎಂದು ಇಂಗ್ಲೆಂಡಿನ ಕೋರ್ಟು 1866ರಲ್ಲೇ ಹೇಳಿತ್ತು. ಅರುಣ್ ಅವರ ತಂದೆತಾಯಿಯ ಮದುವೆ ಹಿಂದೂ ಪದ್ಧತಿಯಲ್ಲಿ ಆಗಿತ್ತು. ಆಗಿನ ಹಿಂದೂ ಗಂಡಸು ಇನ್ನೊಬ್ಬಳನ್ನೂ ಮದುವೆಯಾಗಬಹುದಿತ್ತು. ಸಿನ್ಹಾ ಆಗಲಿಲ್ಲ, ಆದರೆ ಆಗಬಹುದಿತ್ತಲ್ಲ ಅನ್ನುವುದೇ ತಕರಾರು!

ಲಾರ್ಡ್ಸ್ ಸಭೆಯ ಸಮಿತಿ ತೀರ್ಮಾನ ಕೊಟ್ಟಿದ್ದು 1939ರಲ್ಲಿ. ಅರುಣ್ ಹುಟ್ಟುವ ಮೊದಲೇ ಅಪ್ಪ ಅಮ್ಮ ‘ಸಾಧಾರಣ ಬ್ರಾಹ್ಮೋ ಸಮಾಜ’ ಎಂಬ ಸುಧಾರಣಾವಾದಿ ಪಂಥ ಸೇರಿದ್ದರು. ಅಲ್ಲಿ ಎರಡನೇ ಮದುವೆಗೆ ಅವಕಾಶವಿಲ್ಲ. ಹಾಗಾಗಿ ಆ ಮದುವೆ ಏಕಪತ್ನೀ ಮದುವೆಯೇ ಎಂದು ಸಮಿತಿ ಒಪ್ಪಿತು, ಅರುಣ್ ಎರಡನೇ ಬ್ಯಾರನ್ ಆದರು. ಅಪ್ಪ ಕಾಯ್ದೆ ಪಾಸು ಮಾಡಿಸಿದ ಅದೇ ಸಭೆಯ ಮುಂದೆ ಮಗ ತನ್ನ ಅಮ್ಮನ ಮದುವೆ ಸರಿಯಾದದ್ದೇ ಎಂದು ತೋರಿಸಬೇಕಾಯಿತು. ಪದವಿ ಸಿಕ್ಕಿತು ನಿಜ, ಆದರೂ ಇದು ಅವಮಾನವೇ ಅಲ್ವಾ?

ಪದವಿ ಆ ಮನೆತನದಲ್ಲಿ ಮುಂದುವರಿಯಿತು. ಬ್ರಿಟನ್ನಿನಲ್ಲಿ ಲಾರ್ಡ್ಸ್ ಸಭೆಯ ಬಗ್ಗೆ 1999ರ ಕಾಯ್ದೆ ಬಂದಾಗ 92 ಮಂದಿಯನ್ನು ಬಿಟ್ಟು ಉಳಿದ ವಂಶಪಾರಂಪರ್ಯ ಲಾರ್ಡ್‌ಗಳೆಲ್ಲ ಸಭೆಯ ಸ್ಥಾನ ಕಳೆದುಕೊಂಡರು. ಸಿನ್ಹಾ ಮನೆತನಕ್ಕೂ ಉಳಿದದ್ದು ಹೆಸರಿನ ಪದವಿ ಮಾತ್ರ.