ಒಂಟಿಕಣ್ಣಿನ ಜೀವಿಗೆ ಹೆಸರಿಡುವ ಕೆಲಸ

ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಿರಿ. ಬಿಳಿ ಚುಕ್ಕೆಗಳಂಥವು ಚಂಗನೆ ನೆಗೆಯುತ್ತವೆ, ನಿಲ್ಲುತ್ತವೆ, ಮತ್ತೆ ನೆಗೆಯುತ್ತವೆ. ಅವುಗಳಲ್ಲಿ ಸೈಕ್ಲಾಪ್ಸ್ ಇರುವ ಸಾಧ್ಯತೆ ಜಾಸ್ತಿ. ಸಿಗಡಿ, ಏಡಿಗಳ ದೂರದ ನೆಂಟ ಇದು. ಉದ್ದ ಒಂದು ಮಿಲಿಮೀಟರ್ ಆಸುಪಾಸು. ತಲೆಯಲ್ಲಿ ಒಂದೇ ಕಣ್ಣು. ಗ್ರೀಕ್ ಕಥೆಗಳ ಒಂಟಿಕಣ್ಣಿನ ದೈತ್ಯನ ಹೆಸರು ಬಂದಿದ್ದು ಅದರಿಂದಲೇ. ಹೆಣ್ಣಾದರೆ ಹಿಂಭಾಗದ ಎರಡೂ ಬದಿಗೆ ಪುಟ್ಟ ಮೊಟ್ಟೆ ಚೀಲಗಳು ನೇತಾಡುತ್ತಿರುತ್ತವೆ.

ಬರಿಗಣ್ಣಿಗೆ ಇವೆಲ್ಲ ಒಂದೇ ಥರ. ಸೂಕ್ಷ್ಮದರ್ಶಕದ ಕೆಳಗಿಟ್ಟರೂ ಮೊದಲ ನೋಟಕ್ಕೆ ಅಷ್ಟೇ. ಇದರಿಂದ ನೂರು ವರ್ಷಕ್ಕೂ ಮೀರಿದ ಒಂದು ಗೊಂದಲವೇ ನಡೆದುಹೋಯಿತು.

1857ರಲ್ಲಿ ಜರ್ಮನಿಯ ಕಾರ್ಲ್ ಕ್ಲೌಸ್ ಒಂದು ಸೈಕ್ಲಾಪ್ಸನ್ನು ವಿವರಿಸಿ, ಪರೋಪಜೀವಿಗಳ ತಜ್ಞ ರುಡಾಲ್ಫ್ ಲ್ಯೂಕಾರ್ಟ್ ಅವರ ಹೆಸರನ್ನು ಅದಕ್ಕಿಟ್ಟರು. ಇಂದು ಅದು ಮೀಸೋಸೈಕ್ಲಾಪ್ಸ್ ಲ್ಯೂಕಾರ್ಟಿ. ಮೀಸೋಸೈಕ್ಲಾಪ್ಸ್ ಅಂದರೆ ಸೈಕ್ಲಾಪ್ಸ್‌ಗಳ ಬಳಗದ ಒಂದು ಕುಲ. ಆಮೇಲೆ ಆಫ್ರಿಕಾದಲ್ಲಿ ಸಿಕ್ಕಿದ್ದಕ್ಕೂ ಅದೇ ಹೆಸರು, ಭಾರತದಲ್ಲಿ ಸಿಕ್ಕಿದ್ದಕ್ಕೂ ಅದೇ ಹೆಸರು. ಇಡೀ ಜಗತ್ತಿನ ಕೆರೆ ಬಾವಿಗಳಲ್ಲಿ ಒಂದೇ ಪ್ರಭೇದ ಇದೆ ಎಂದು ಜನ ನಂಬಿದರು. 1981ರಲ್ಲಿ ಈ ಜೀವಿಗಳ ತಜ್ಞ, ಜರ್ಮನಿಯ ಫ್ರೀಡ್ರಿಶ್ ಕೀಫರ್ ಬೇರೆ ಬೇರೆ ಖಂಡಗಳ ಮಾದರಿಗಳನ್ನು ಹೋಲಿಸಿ ನೋಡಿದರು. ನಿಜವಾದ ಲ್ಯೂಕಾರ್ಟಿಯ ಮನೆ ಯುರೋಪ್ ಮತ್ತು ಉತ್ತರದ ಏಷ್ಯಾ. ಉಷ್ಣ ದೇಶಗಳಲ್ಲಿ ಆ ಹೆಸರಿನಿಂದ ಕರೆಸಿಕೊಂಡವು ಬೇರೆಯೇ ಪ್ರಭೇದಗಳು. ಕೆಲವಕ್ಕೆ ಹಿಂದೆಯೇ ಯಾರೋ ಹೆಸರಿಟ್ಟಿದ್ದರು, ಅದು ಮರೆತುಹೋಗಿತ್ತು. ಕೆಲವು ಹೊಸವೇ ಆಗಿದ್ದವು.

ಹೊಸದು ಅಂತ ಹೇಳುವುದು ಹೇಗೆ? ಮೊದಲು ಜೀವಿಯನ್ನು ಗ್ಲಿಸರಿನ್ ಹನಿಯಲ್ಲಿ ಇಡಬೇಕು. ಆಮೇಲೆ ಕೂದಲಿನಷ್ಟು ಚೂಪಾದ ಸೂಜಿಗಳಿಂದ ಒಂದೊಂದೇ ಕಾಲನ್ನು ಬಿಡಿಸಬೇಕು. ಇಡೀ ಮೈಯೇ ಒಂದು ಮಿಲಿಮೀಟರ್ ಅಂದಮೇಲೆ ಕಾಲು ಎಷ್ಟಿರಬಹುದು, ಯೋಚಿಸಿ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಕೈ ನಡುಗಿದರೆ ಕಾಲು ಹನಿಯಲ್ಲೆಲ್ಲೋ ಕಳೆದುಹೋಗುತ್ತದೆ. ಬಿಡಿಸಿದ್ದನ್ನು ಗಾಜಿನ ಪಟ್ಟಿಯ ಮೇಲಿಟ್ಟು ತೆಳು ಗಾಜು ಮುಚ್ಚಿ, ಅಂಚಿಗೆ ನೇಲ್ ಪಾಲಿಶ್ ಬಳಿಯುವವರೂ ಇದ್ದಾರೆ. ಗಾಳಿ ಹೋಗದಂತೆ ಅದು ಚೆನ್ನಾಗಿ ಹಿಡಿಯುತ್ತದೆ.

ಮೀಸೋಸೈಕ್ಲಾಪ್ಸ್ ಹೌದೋ ಅಲ್ಲವೋ ಎಂದು ತಿಳಿಯಲು ಐದನೇ ಜೋಡಿ ಕಾಲನ್ನು ನೋಡುತ್ತಾರೆ. ಅದು ಎರಡೇ ಗೆಣ್ಣಿನ ಮೋಟು ಕಾಲು. ಎರಡನೇ ಗೆಣ್ಣಿನ ತುದಿಯಲ್ಲೊಂದು, ಒಳ ಅಂಚಿನಲ್ಲೊಂದು ಉದ್ದನೆಯ ಎಳೆ ಇರುತ್ತದೆ. ಪ್ರಭೇದ ಯಾವುದು ಎನ್ನುವುದಕ್ಕೆ ಇನ್ನೂ ಒಳಗೆ ಇಳಿಯಬೇಕು. ಎರಡನೇ ಮೀಸೆಯ ಬುಡದಲ್ಲಿ ಸಣ್ಣ ಮುಳ್ಳುಗಳು ಯಾವ ಸಾಲಿನಲ್ಲಿ ನಿಂತಿವೆ? ನಾಲ್ಕನೇ ಜೋಡಿ ಕಾಲುಗಳನ್ನು ಕೂಡಿಸುವ ತಟ್ಟೆಯಲ್ಲಿ ಮುಳ್ಳುಗಳು ಹೇಗಿವೆ? ಹೆಣ್ಣಿನ ದೇಹದೊಳಗೆ ವೀರ್ಯ ಕೂಡಿಡುವ ಚೀಲದ ಆಕಾರ ಯಾವುದು? ಪ್ರತಿಯೊಂದನ್ನೂ ಕೈಯಲ್ಲಿ ಚಿತ್ರ ಬರೆದು ತೋರಿಸಬೇಕು. ಫೋಟೋ ಎಲ್ಲವನ್ನೂ ಒಂದೇ ಸಮನೆ ತೋರಿಸುತ್ತದೆ. ಚಿತ್ರ ಬರೆಯುವವರು ಮಾತ್ರ ಪ್ರತಿ ಮುಳ್ಳನ್ನೂ ನಿಜವಾಗಿ ನೋಡಿರಲೇಬೇಕು. ನನಗೆ ಈ ವಿದ್ಯೆಯಲ್ಲಿ ತುಂಬಾ ಇಷ್ಟವಾಗುವುದು ಇದೇ. ಕೊನೆಗೆ ಒಂದು ಜೀವಿಯನ್ನು ಆ ಹೆಸರಿನ ಆಧಾರವಾಗಿ ಆರಿಸಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ಅದೇ ಹೋಲೋಟೈಪ್. ನಾಳೆ ಯಾರಿಗೇ ಅನುಮಾನ ಬಂದರೂ ಹೋಗಿ ನೋಡುವುದು ಅದನ್ನೇ.

ಇಷ್ಟು ಚಿಕ್ಕ ಜೀವಿಯ ಮುಳ್ಳು ಎಣಿಸಿ ಏನು ಪ್ರಯೋಜನ ಅಂತ ಕೇಳಬಹುದು. ನಾರುಹುಣ್ಣು ನೆನಪಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ಕೇಳಿ. ಈ ರೋಗ ಕರ್ನಾಟಕದಲ್ಲೂ ಇತ್ತು. ಮೆಟ್ಟಿಲು ಬಾವಿಯ ನೀರಿನ ಜೊತೆ ಸೈಕ್ಲಾಪ್ಸ್ ಹೊಟ್ಟೆಗೆ ಹೋಗುತ್ತಿತ್ತು. ಅದರೊಳಗೆ ಹುಳುವಿನ ಮರಿ. ಸುಮಾರು ಒಂದು ವರ್ಷದ ನಂತರ ಕಾಲಿನಿಂದ ಒಂದು ಮೀಟರ್‌ವರೆಗಿನ ಉದ್ದದ ಹುಳು ಮೆಲ್ಲಗೆ ಹೊರಬರುತ್ತಿತ್ತು. ಆ ಉರಿ ತಾಳಲಾರದೆ ಜನ ಕಾಲನ್ನು ನೀರಿಗೆ ಇಳಿಬಿಟ್ಟರೆ ಹುಳು ಅಲ್ಲೇ ಮರಿ ಹಾಕುತ್ತಿತ್ತು. ಮರಿಗಳನ್ನು ಮತ್ತೆ ಸೈಕ್ಲಾಪ್ಸ್ ನುಂಗುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಸರಳ ಉಪಾಯವೂ ಸೇರಿ ಹಲವು ವರ್ಷಗಳ ಕೆಲಸದಿಂದ ರೋಗ ತೊಲಗಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶ ಎಂದು ಘೋಷಿಸಿತು.

ಹುಳುವಿನ ಮರಿ ಸೈಕ್ಲಾಪ್ಸ್ ಒಳಗೆ ಬೆಳೆಯುತ್ತದೆ ಎಂದು 1870ರ ಸುಮಾರಿಗೆ ಕಂಡುಕೊಂಡವರು ರಷ್ಯಾದ ಅಲೆಕ್ಸೇಯ್ ಫೆಡ್‌ಚೆಂಕೊ. ಅಲ್ಲಿ ಹುಡುಕು ಎಂದು ಸೂಚಿಸಿದವರು ಅದೇ ಲ್ಯೂಕಾರ್ಟ್! ಎಲ್ಲ ಸೈಕ್ಲಾಪ್ಸ್‌ಗಳೂ ಈ ಹುಳುವನ್ನು ಹೊರುವುದಿಲ್ಲ. ಯಾವುದು ಹೊರುತ್ತದೆ ಎಂದು ಹೇಳಲು ಅದರ ಸರಿಯಾದ ಹೆಸರು ಬೇಕು, ಅಲ್ವಾ? ಇದೇ ಕುಲಕ್ಕೆ ಉಪಕಾರದ ಮುಖವೂ ಇದೆ. ವಿಯೆಟ್ನಾಂನ ಹಳ್ಳಿಗಳಲ್ಲಿ ದೊಡ್ಡ ಜಾತಿಯ ಮೀಸೋಸೈಕ್ಲಾಪ್ಸ್‌ಗಳನ್ನು ನೀರಿನ ತೊಟ್ಟಿಗಳಿಗೆ ಬಿಟ್ಟರು. ಡೆಂಗಿ ಹರಡುವ ಸೊಳ್ಳೆಯ ಮರಿಗಳನ್ನು ಅವು ತಿಂದುಹಾಕಿದವು. ತೀರಾ ಸಣ್ಣ ಜಾತಿಯ ಸೈಕ್ಲಾಪ್ಸ್‌ಗಳಿಂದ ಆ ಕೆಲಸ ಆಗುವುದಿಲ್ಲ.

ಕೀಫರ್ 1981ರಲ್ಲಿ ಹೆಸರಿಟ್ಟವುಗಳಲ್ಲಿ ಮೀಸೋಸೈಕ್ಲಾಪ್ಸ್ ರುಟ್ನೆರಿ ಕೂಡ ಒಂದು. ಅವರಿಗೆ ಅದು ಸಿಕ್ಕಿದ್ದು ಆಸ್ಟ್ರಿಯಾದಲ್ಲಿ, ಗಿಡ ಬೆಳೆಸುವ ಗಾಜಿನ ಮನೆಯ ಕೊಳದಲ್ಲಿ. ಹೊರಗೆ ಹಿಮ ಬೀಳುವ ಊರು. ಅದರ ನಿಜವಾದ ತವರು ಚೀನಾ, ಥಾಯ್ಲೆಂಡ್, ವಿಯೆಟ್ನಾಂ ಕಡೆಯ ಬೆಚ್ಚನೆಯ ನೀರಿನ ಕೆರೆಗಳು ಎಂದು ಆಮೇಲೆ ಗೊತ್ತಾಯಿತು.