ಒಳ್ಳೆ ಕಾಮಿಕ್ಸ್ ಅಂಗಡಿ ಬೇಕಾ? ಹೋಗಿ ಅಲ್ಲಿ ಇಲ್ಲದ ಪುಸ್ತಕ ಕೇಳಿ

ಪ್ರಶ್ನೆ: ನಾವು ಮುಂಬೈ ಹತ್ರದ ಡೊಂಬಿವಲಿಯಲ್ಲಿರುದು. ಮಗನಿಗೆ 11 ವರ್ಷ, ಮಾಂಗಾ, ಅಂದ್ರೆ ಜಪಾನಿನ ಕಾಮಿಕ್ಸಿನ ಹುಚ್ಚು ಹಿಡಿದಿದೆ, ಎಲ್ಲ ಆನ್‌ಲೈನ್‌ನಲ್ಲೇ ತರಿಸ್ತೇವೆ. ಒಳ್ಳೆ ಕಾಮಿಕ್ಸ್ ಅಂಗಡಿ ಅಂತ ಗುರುತಿಸುದು ಹೇಗೆ? ಮೊಬೈಲಲ್ಲಿ ಕಡಿಮೆಗೆ ಸಿಗುವಾಗ ಟ್ರೇನ್ ಹತ್ತಿ ಹೋಗುವಷ್ಟು ಅದರಲ್ಲಿ ಎಂಥ ಉಂಟು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರ್ತಾನೇ ಇರ್ತದೆ, ಹಾಗಾಗಿ ಒಮ್ಮೆ ಕೂತು ಸರಿಯಾಗಿ ಬರೀತೇನೆ. ಅಂಗಡಿ ಎಷ್ಟು ದೊಡ್ಡದು, ಗೋಡೆ ಮೇಲೆ ಬ್ಯಾಟ್‌ಮ್ಯಾನ್ ಪೋಸ್ಟರ್ ಉಂಟಾ, ಗಾಜಿನ ಕಪಾಟಲ್ಲಿ ಆರು ಸಾವಿರದ ಗೊಂಬೆ ಉಂಟಾ ಅಂತೆಲ್ಲ ನೋಡ್ಬೇಡಿ. ಸೀದ ಹೋಗಿ ಅಲ್ಲಿ ಖಂಡಿತ ಇರ್ಲಿಕ್ಕಿಲ್ಲ ಅನ್ನುವ ಒಂದು ಪುಸ್ತಕ ಕೇಳಿ. ಅಷ್ಟೇ ಪರೀಕ್ಷೆ.

ಒಬ್ಬ ಫೋನಿಂದ ತಲೆ ಎತ್ತದೆ "ನಹೀ ಹೈ" ಅಂತಾನೆ. ಇನ್ನೊಬ್ಬ "ಮುಂದಿನ ವಾರ ಬರ್ತದೆ" ಅಂತಾನೆ, ಅದು ಯಾವತ್ತೂ ಬರುದಿಲ್ಲ ಅಂತ ಅವನಿಗೂ ಗೊತ್ತುಂಟು ನಿಮಗೂ ಗೊತ್ತುಂಟು. ಮೂರನೆಯವ ತಿರುಗಿ ನಿಮ್ಮನ್ನೇ ಕೇಳ್ತಾನೆ, ಯಾರಿಗೆ, ಎಷ್ಟನೇ ವಾಲ್ಯೂಮ್ ತನಕ ಓದಿ ಆಗಿದೆ, ಇಂಗ್ಲಿಷೇ ಆಗ್ಬೇಕಾ, ಹಳೇದಾದ್ರೂ ನಡೀತದಾ, ಹೀಗೆ. ಆಮೇಲೆ ನನ್ನ ಹತ್ರ ಇಲ್ಲ, ಆಚೆ ಕಡೆ ಅಂಗಡಿಯಲ್ಲಿ ನೋಡಿ ಅಂತ ಪಕ್ಕದವನ ಅಂಗಡಿ ತೋರಿಸಿದ್ರಂತೂ ಬಿಡ್ಬೇಡಿ ಮಾರಾಯ್ರೆ, ಆ ಅಂಗಡಿಯನ್ನ ಗಟ್ಟಿ ಹಿಡ್ಕೊಳ್ಳಿ.

ಮಾಂಗಾದ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಬೇಕು, ಯಾಕಂದ್ರೆ ಅದು ಧಾರಾವಾಹಿ ಇದ್ದ ಹಾಗೆ, ಏಳನೇ ವಾಲ್ಯೂಮ್ ಸಿಗದಿದ್ರೆ ಎಂಟು ಒಂಬತ್ತು ಹತ್ತು ಇದ್ದೂ ಪ್ರಯೋಜನ ಇಲ್ಲ. ನಾನು ಮೊದ್ಲು ನೋಡುದು ಶೆಲ್ಫಿನಲ್ಲಿ ಒಂದನೇ ವಾಲ್ಯೂಮ್ ಉಂಟಾ ಅಂತ. ತುಂಬಾ ಕಡೆ 4, 11, 23 ಅಂತ ಚಿಲ್ಲರೆ ನಂಬರ್ ಮಾತ್ರ ಉಳಿದಿರ್ತದೆ, ಅಂದ್ರೆ ಒಮ್ಮೆ ಲಾಟ್ ತರಿಸಿ ಹಾಕಿದ್ದಾರೆ, ಆಮೇಲೆ ಯಾರೂ ತಿರುಗಿ ನೋಡ್ಲಿಲ್ಲ. ಮೊದಲ ಎರಡು ಮೂರು ವಾಲ್ಯೂಮ್ ಖಾಲಿ ಆದ ಹಾಗೆ ಮತ್ತೆ ತರಿಸಿ ಇಡುವವ ನಾಳೆ ಬರುವ ಹೊಸ ಹುಡುಗನನ್ನ ಮನಸ್ಸಲ್ಲಿ ಇಟ್ಕೊಂಡಿದ್ದಾನೆ ಅಂತ ಲೆಕ್ಕ.

ಬರೇ ಕಾಮಿಕ್ಸಿಗೇ ಅಂತ ಇರುವ ಅಂಗಡಿ ಅಮೆರಿಕದಲ್ಲಿ ಅಷ್ಟು ಬೆಳೀಲಿಕ್ಕೆ, ನಮ್ಮಲ್ಲಿ ಬೆರಳಲ್ಲಿ ಎಣಿಸುವಷ್ಟೇ ಇರ್ಲಿಕ್ಕೆ ಒಂದು ಕಾರಣ ಉಂಟು, ಅದು ದುಡ್ಡಿನ ಲೆಕ್ಕ. ಅಲ್ಲೂ ಮೊದ್ಲು ಕಾಮಿಕ್ಸ್ ಪೇಪರ್ ಸ್ಟಾಲಲ್ಲೇ ಮಾರ್ತಿದ್ದದ್ದು, ಉಳಿದದ್ದಕ್ಕೆ ಕವರ್ ಹರಿದು ವಾಪಸ್ ಕಳಿಸಿದ್ರೆ ದುಡ್ಡು ಸಿಗ್ತಿತ್ತು. 1970ರ ದಶಕದ ಶುರುವಿಗೆ ಫಿಲ್ ಸೂಲಿಂಗ್ ಅಂತ ಬ್ರೂಕ್ಲಿನ್‌ನ ಒಬ್ಬ ಮೇಷ್ಟ್ರು, ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡ್ತಿದ್ದವ, ಪ್ರಕಾಶಕರ ಹತ್ರ ಹೋಗಿ ಡಿಸ್ಕೌಂಟ್ ಜಾಸ್ತಿ ಕೊಡಿ, ಉಳಿದದ್ದನ್ನ ನಾನು ವಾಪಸ್ ಕೊಡುದಿಲ್ಲ ಅಂತ ಒಪ್ಪಂದ ಮಾಡ್ಕೊಂಡ. ಡೈರೆಕ್ಟ್ ಮಾರ್ಕೆಟ್ ಅನ್ನುದು ಇದಕ್ಕೇ. ಉಳಿದ್ರೆ ಅಂಗಡಿಯವನ ತಲೆ ಮೇಲೆ, ಹಾಗಾಗಿ ಯಾರು ಯಾವುದನ್ನ ತಗೊಳ್ತಾರೆ ಅಂತ ಅವನಿಗೆ ಗೊತ್ತಿರ್ಲೇಬೇಕು. ಗಿರಾಕಿ ಹೆಸರಲ್ಲಿ ಲಿಸ್ಟ್ ಇಟ್ಟು ಹೊಸ ಸಂಚಿಕೆ ಬಂದ ಕೂಡ್ಲೆ ತೆಗೆದಿಡುದು, ಪುಲ್ ಲಿಸ್ಟ್ ಅಂತಾರೆ ನೋಡಿ, ಅದು ಪ್ರೀತಿಗೆ ಮಾತ್ರ ಮಾಡುವ ಕೆಲಸ ಅಲ್ಲ, ಹೊಟ್ಟೆಪಾಡು.

ನಮ್ಮಲ್ಲಿ ಕಾಮಿಕ್ಸ್ ಬಂದದ್ದು ಪೇಪರಿನವನ ಸೈಕಲ್ ಮೇಲೆ, ಸ್ಟೇಷನ್ನಿನ ವೀಲರ್ ಪುಸ್ತಕದ ಸ್ಟಾಲಲ್ಲಿ, ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ. ಇವತ್ತು ಸಿನಿಮಾ ಮಾಡುವ ಶೆಮಾರೂ ಉಂಟಲ್ಲ, ಅದು 1962ರಲ್ಲಿ ಶುರುವಾದದ್ದು ಮುಂಬೈಯ ವಾರ್ಡನ್ ರೋಡಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿಯಾಗಿ! ಇನ್ನು ನನ್ನಂಥವರಿಗೆ ಲೈಬ್ರರಿ ಡಿಪಾಸಿಟ್ ಕೂಡ ಜಾಸ್ತಿ ಆಗ್ತಿತ್ತು, ನಮ್ಮದು ರದ್ದಿ ಅಂಗಡಿ. ಚಾಳಿನ ಕೆಳಗೆ ರದ್ದಿ ತೂಗುವ ಒಬ್ಬ ಕಾಕಾ ಇದ್ದರು, ಪೇಪರ್ ಕಟ್ಟಿನ ಮಧ್ಯೆ ಬಂದ ಇಂದ್ರಜಾಲ, ಟಿಂಕಲ್ ಕಾಮಿಕ್ಸ್ ಎಲ್ಲ ಆರಿಸಿ ಹಗ್ಗಕ್ಕೆ ನೇತು ಹಾಕ್ತಿದ್ದರು, ಓದಿ ವಾಪಸ್ ಕೊಟ್ರೆ ಅರ್ಧ ದುಡ್ಡು. ನಾನು ಯಾವುದನ್ನ ಓದಿದ್ದೇನೆ ಅಂತ ನನಗಿಂತ ಅವರಿಗೇ ನೆನಪಿರ್ತಿತ್ತು, "ಅರೇ ಹೇ ವಾಚ್ಲಂಯ್ಸ್ ತೂ" (ಇದನ್ನ ನೀನು ಓದಿ ಆಗಿದೆ) ಅಂತ ಕೈಯಿಂದ ಕಿತ್ಕೊಳ್ತಿದ್ದರು. ಅಂಗಡಿ ಅಂದ್ರೆ ನನಗೆ ಇವತ್ತಿಗೂ ಆ ಕಾಕಾ.

ಇಂದ್ರಜಾಲ ಅಂದಾಗ ಒಂದು ಹೇಳ್ಬೇಕು. ಟೈಮ್ಸ್ ಆಫ್ ಇಂಡಿಯಾದವರು ಅದನ್ನ 1964ರಲ್ಲಿ ಫ್ಯಾಂಟಮ್ ಹಾಕಿ ಶುರು ಮಾಡಿದಾಗ ಅದರ ಹಿಂದೆ ಇದ್ದವರಲ್ಲಿ ನಮ್ಮ ಕಾರ್ಕಳದ ಅನಂತ ಪೈ ಒಬ್ಬರು. ಆಮೇಲೆ 1967ರಲ್ಲಿ ಅಮರ ಚಿತ್ರ ಕಥೆ, 1980ರಲ್ಲಿ ಟಿಂಕಲ್, ಎಲ್ಲ ಇದೇ ಮುಂಬೈಯಲ್ಲಿ. ಹಾಗಿರುವಾಗ ಮುಂಬೈಯ ಅಂಗಡಿ ಒಂದರಲ್ಲಿ ಅಮರ ಚಿತ್ರ ಕಥೆ ಕೇಳಿದ್ರೆ "ವೋ ಬಚ್ಚೋಂ ಕಾ ಸೆಕ್ಷನ್ ಹೈ" ಅಂತ ಮೂಗು ಮುರಿದ್ರೆ ನನಗೆ ಸ್ವಲ್ಪ ಉರೀತದೆ, ಅದು ನನ್ನ ಊರಿನ ಅಭಿಮಾನ ಅಂತ ಬೇಕಾದ್ರೆ ಅಂದ್ಕೊಳ್ಳಿ.

ಮಕ್ಕಳನ್ನ ಹೇಗೆ ನೋಡ್ತಾರೆ ಅಂತಲೂ ಗಮನಿಸಿ. ಒಂದು ಮಾಲ್ ಅಂಗಡಿಗೆ ತಂಗಿಯ ಮಗಳನ್ನ ಕರ್ಕೊಂಡು ಹೋಗಿದ್ದೆ, ಎಲ್ಲ ಪ್ಲಾಸ್ಟಿಕ್ಕಲ್ಲಿ ಸೀಲ್, ಮುಟ್ಟಿದ್ದಕ್ಕೇ ಆ ಹುಡುಗಿಗೆ ಬೈದ್ರು. ಒಂದು ಸ್ಯಾಂಪಲ್ ಪ್ರತಿ ಬಿಚ್ಚಿ ಇಟ್ಟಿದ್ರೆ ಎರಡು ಪುಸ್ತಕ ಮಾರಾಟ ಆಗ್ತಿತ್ತು. ಕಾಮಿಕ್ಸಿನ ಚಿತ್ರ ಇಷ್ಟ ಆಗ್ತದಾ ಇಲ್ವಾ ಅಂತ ನಾಲ್ಕು ಪುಟ ತಿರುಗಿಸದೆ ಹೇಳ್ಲಿಕ್ಕಾಗುದಿಲ್ಲ, ಮಾಂಗಾ ಬಲದಿಂದ ಎಡಕ್ಕೆ ಓದ್ಬೇಕು ಅಂತ ಅರ್ಥ ಆಗ್ಲಿಕ್ಕಾದ್ರೂ ಒಂದು ಪ್ರತಿ ಕೈಯಲ್ಲಿ ಹಿಡೀಬೇಕು. ಆದ್ರೆ ನಾವೂ ಮರ್ಯಾದೆ ಇಟ್ಕೊಳ್ಬೇಕು, ಅರ್ಧ ಗಂಟೆ ನಿಂತು ಓದಿ, ಫೋಟೋ ತೆಗೆದು, ಅಲ್ಲೇ ನಿಂತು ಮೊಬೈಲಲ್ಲಿ ಆರ್ಡರ್ ಮಾಡುದು ಚಂದ ಅಲ್ಲ.

ಮುಂಬೈಯಲ್ಲಿ ಇನ್ನೊಂದು ವಿಷಯ, ಮಳೆ. ಜುಲೈಯಲ್ಲಿ ಒಮ್ಮೆ ಹೋಗಿ ಮೂಸಿ ನೋಡಿ, ತಮಾಷೆ ಅಲ್ಲ. ಹಳೆ ಕಾಮಿಕ್ಸ್ ಅಗ್ಗದ ಕಾಗದದ್ದು, ಹೇಗೂ ಹಳದಿ ಆಗ್ತದೆ, ಅದರ ಮೇಲೆ ಈ ಥಂಡಿಗೆ ಸ್ಟೇಪಲ್ ಪಿನ್ ತುಕ್ಕು ಹಿಡಿದು ಮಧ್ಯದ ಪುಟಕ್ಕೆ ಕಂದು ಕಲೆ ಇಳೀತದೆ. ಪುಸ್ತಕ ನೆಲದಿಂದ ಒಂದಡಿ ಮೇಲೆ, ಹೊರಗಿನ ಗೋಡೆಗೆ ತಾಗದ ಹಾಗೆ, ಹಳೇದೆಲ್ಲ ಕವರಲ್ಲಿ ಇಟ್ಟಿದ್ರೆ ಅವನಿಗೆ ಕೆಲಸ ಗೊತ್ತುಂಟು. ಹಳೇದಕ್ಕೆ ರೇಟ್ ಹೇಳುವಾಗ ಪಿನ್ ಬಿಚ್ಚಿದೆ, ಒಂದು ಹಾಳೆ ಇಲ್ಲ ಅಂತ ತಾನಾಗಿ ಹೇಳ್ತಾನಾ ನೋಡಿ.

ರೇಟಿನ ವಿಷಯ ಸುಳ್ಳು ಹೇಳುದಿಲ್ಲ, ಆನ್‌ಲೈನೇ ಹೆಚ್ಚಾಗಿ ಕಡಿಮೆ. ಹೊರದೇಶದ ಪುಸ್ತಕಕ್ಕೆ 2019ರ ಬಜೆಟ್ಟಿನಿಂದ 5% ಕಸ್ಟಮ್ಸ್ ಬೇರೆ ಬಿತ್ತು, ಅದರ ಮೇಲೆ ಮುಂಬೈ ಬಾಡಿಗೆ, ಸಣ್ಣ ಅಂಗಡಿಯವ ಎಲ್ಲಿಂದ ಡಿಸ್ಕೌಂಟ್ ಕೊಡ್ತಾನೆ ಹೇಳಿ. ಫೋರ್ಟಿನ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಅಂಥದ್ದೇ, ಶಾನಭಾಗರು 1948ರಲ್ಲಿ ಶುರು ಮಾಡಿ ಡಿಸ್ಕೌಂಟಿಗೇ ಹೆಸರಾದದ್ದು, 2018ರಲ್ಲಿ ಬಾಗಿಲು ಹಾಕಿತು. ದೊಡ್ಡ ಬಾಕ್ಸ್ ಸೆಟ್ಟಿಗೆ ಸಾವಿರ ರೂಪಾಯಿ ವ್ಯತ್ಯಾಸ ಇದ್ರೆ ನಾನೂ ಆನ್‌ಲೈನ್‌ನಲ್ಲೇ ತಗೊಳ್ತೇನೆ, ನಾಚಿಕೆ ಇಲ್ಲ. ಆದ್ರೆ ತೀರಾ ಕಡಿಮೆ ಇದ್ರೆ ಹುಷಾರು, ಮಾಂಗಾದ ಡೂಪ್ಲಿಕೇಟ್ ಪ್ರಿಂಟ್ ಫುಟ್‌ಪಾತಲ್ಲೂ ಉಂಟು, ಆನ್‌ಲೈನ್‌ನಲ್ಲೂ ಉಂಟು. ಗುರುತಿಸುದು ಸುಲಭ, ಅಸಲಿಯಲ್ಲಿ ಬೂದು ಬಣ್ಣದ ಜಾಗ ಸಣ್ಣ ಸಣ್ಣ ಚುಕ್ಕೆಯಾಗಿ ಕಾಣ್ತದೆ, ಸ್ಕ್ಯಾನ್ ಮಾಡಿ ಹೊಡೆದದ್ರಲ್ಲಿ ಅದು ಕಲಸಿ ಮಸಿಯ ಹಾಗೆ ಆಗಿರ್ತದೆ, ಪುಟದ ಅಂಚಲ್ಲಿ ಮಾತು ಅರ್ಧಕ್ಕೆ ಕಟ್ ಆಗಿರ್ತದೆ. ಇದನ್ನ ಕೈಯಲ್ಲಿ ಹಿಡಿದು ನೋಡದೆ ಕಂಡುಹಿಡೀಲಿಕ್ಕೆ ಆಗುದಿಲ್ಲ, ಟ್ರೇನ್ ಹತ್ತುವುದಕ್ಕೆ ಅದೊಂದು ಕಾರಣ ಸಾಕು.

ಹಾಗಾಗಿ ಮಗನನ್ನ ಕರ್ಕೊಂಡು ಒಮ್ಮೆ ಮಾಟುಂಗಕ್ಕೆ ಹೋಗಿ, ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೆ ಪುಸ್ತಕದವರಿಂದ ಶುರು ಮಾಡಿ, ಅದು ಕಾಮಿಕ್ಸ್ ಅಂಗಡಿ ಅಲ್ಲ ನಿಜ, ಆದ್ರೆ ಹುಡುಕುವ ಅಭ್ಯಾಸ ಆಗ್ತದೆ, ಹುಡುಕಿ ಸುಸ್ತಾದ್ರೆ ದೋಸೆಗೆ ಪರದಾಡ್ಬೇಕಾಗಿಲ್ಲ. ಮಾಟುಂಗದಲ್ಲಿ ಸ್ಲೋ ಟ್ರೇನ್ ಮಾತ್ರ ನಿಲ್ಲುದು, ಭಾನುವಾರ ಆದ್ರೆ ಮೆಗಾ ಬ್ಲಾಕ್ (ಹಳಿ ಕೆಲಸಕ್ಕೆ ಟ್ರೇನ್ ನಿಲ್ಲಿಸುದು) ಉಂಟಾ ನೋಡ್ಕೊಂಡು ಹೊರಡಿ.

ನನ್ನ ಸ್ವಂತ ಪರೀಕ್ಷೆಯ ಪುಸ್ತಕ ಯಾವುದು ಅಂದ್ರೆ ಹಳೆ ಕನ್ನಡ ಚಂದಮಾಮ. ಕಾಮಿಕ್ಸ್ ಅಲ್ಲ ಅಂತ ಗೊತ್ತುಂಟು, ಆದ್ರೂ ಎಲ್ಲಿ ಹೋದ್ರೂ ಕೇಳುದು. ಹೆಚ್ಚಿನವರು ನಗ್ತಾರೆ. ಫುಟ್‌ಪಾತಿನ ಒಬ್ಬ ಮಾತ್ರ ನಗ್ಲಿಲ್ಲ, ಕನ್ನಡ ಅಕ್ಷರ ಹೇಗಿರ್ತದೆ ಬರೆದು ತೋರಿಸಿ ಅಂದ, ನಾನು ಬಿಲ್ಲಿನ ಹಿಂದೆ "ಚಂದಮಾಮ" ಅಂತ ಬರೆದು ಕೊಟ್ಟೆ, ಅದನ್ನ ಮಡಚಿ ಕಿಸೆಯಲ್ಲಿ ಇಟ್ಕೊಂಡ. ಮೂರು ತಿಂಗಳ ಮೇಲೆ ಸುಮ್ನೆ ಹಾದು ಹೋಗುವಾಗ "ಸಾಬ್, ರುಕೋ" ಅಂತ ಕರೆದು ನೀಲಿ ಪ್ಲಾಸ್ಟಿಕ್ಕಿನ ಅಡಿಯಿಂದ ಐದು ಸಂಚಿಕೆ ತೆಗೆದ, ಪಕ್ಕದಲ್ಲಿ ನನ್ನ ಚೀಟಿ ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ಮಾಡಿ ತೋರಿಸಿದ, ದೇವರಾಣೆ ಹೆಸರು ಹಾಗೇ ಇತ್ತು, ನಾನೂ ಒಂದು ಕ್ಷಣ ಕುಣಿದೆ. ಒಳಗೆ ಬಿಡಿಸಿ ನೋಡಿದ್ರೆ ಐದೂ ತೆಲುಗು.

ಐದೂ ತಗೊಂಡೆ, ಚೌಕಾಸಿ ಮಾಡ್ಲಿಲ್ಲ. ಚೀಟಿ ಅವನ ಹತ್ರಾನೇ ಉಂಟು.