ಪೀಜೋ ಪಟ್ಟಿಯಿಂದ ಎಷ್ಟು ಪವರ್ ಸಿಗುತ್ತದೆ? ಮೊದಲು ಕಂಪನ ನೋಡಿ

ಪೀಜೋ ಪಟ್ಟಿ ಅಂದರೆ ಬಾಗಿಸಿದರೆ ವಿದ್ಯುತ್ ಹುಟ್ಟಿಸುವ ಪಟ್ಟಿ. ಅದನ್ನು ಬೆರಳಿಂದ ತಟ್ಟಿದರೆ, ವೋಲ್ಟೇಜ್ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ಹತ್ತಾರು ವೋಲ್ಟ್ ಚಿಮ್ಮಬಹುದು. ಖುಷಿಯಾಗುತ್ತದೆ, ಅಲ್ವಾ? ಆದರೆ ಪವರ್ ಲೆಕ್ಕ ಅಲ್ಲಿಂದ ಶುರುವಾಗಬಾರದು. ಕಂಪನ ಕೊಡದ ಶಕ್ತಿಯನ್ನು ಪೀಜೋ ಎಲ್ಲಿಂದ ತರುತ್ತದೆ?

ಪಟ್ಟಿಯ ಒಂದು ತುದಿಯನ್ನು ಕಂಪಿಸುವ ಯಂತ್ರಕ್ಕೆ ಬಿಗಿದು, ಇನ್ನೊಂದು ತುದಿಗೆ ತೂಕ ಅಂಟಿಸಿದ್ದೇವೆ ಅಂದುಕೊಳ್ಳಿ. ಯಂತ್ರದ ಆವರ್ತನ ಪಟ್ಟಿಯ ಸಹಜ ಆವರ್ತನಕ್ಕೆ ಸರಿಹೊಂದಿದಾಗ, ಅಂದರೆ ಅನುರಣನೆಯಲ್ಲಿ, ಸಿಗಬಹುದಾದ ಗರಿಷ್ಠ ಪವರ್ ಇಷ್ಟು:

ದ್ರವ್ಯರಾಶಿ × ವೇಗೋತ್ಕರ್ಷದ ವರ್ಗ × ಕ್ಯೂ ÷ (8 × ಒಮೆಗಾ)

ಕ್ಯೂ ಅಂದರೆ ತಟ್ಟಿಬಿಟ್ಟ ಪಟ್ಟಿ ಎಷ್ಟು ಸುತ್ತು ಅಲುಗುತ್ತಲೇ ಇರುತ್ತದೆ ಎನ್ನುವುದರ ಅಳತೆ. ಒಮೆಗಾ ಅಂದರೆ 2 × ಪೈ × ಆವರ್ತನ. ವೇಗೋತ್ಕರ್ಷಕ್ಕೆ ಪೀಕ್ (ಗರಿಷ್ಠ) ಬೆಲೆಯನ್ನೇ ಹಾಕಿ. ಆರ್‌ಎಂಎಸ್ (ಒಂದು ಬಗೆಯ ಸರಾಸರಿ ಬೆಲೆ) ಹಾಕಿದರೆ ಉತ್ತರ ಅರ್ಧವಾಗುತ್ತದೆ.

ತೂಕ 10 ಗ್ರಾಂ, ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 2.5 ಮೀಟರ್, ಆವರ್ತನ 120 ಹರ್ಟ್ಸ್, ಕ್ಯೂ 30 ಇರಲಿ. ಒಮೆಗಾ ಸುಮಾರು 754. ಉತ್ತರ ಸುಮಾರು 0.31 ಮಿಲಿವ್ಯಾಟ್. ಇದೇ ಮಿತಿ. ಎಂಥ ಒಳ್ಳೆಯ ಸರ್ಕ್ಯೂಟ್ ಹಾಕಿದರೂ ಇದನ್ನು ದಾಟಲು ಆಗುವುದಿಲ್ಲ.

ಈಗ ಪೀಜೋ ಕಡೆಗೆ ಬರೋಣ. ಅದನ್ನು ಕೆಪಾಸಿಟರ್ ಜೊತೆಗಿರುವ ಕರೆಂಟ್ ಮೂಲ ಅಂತ ನೋಡಿದರೆ ಸುಲಭ. ಕೆಪಾಸಿಟೆನ್ಸ್ 50 ನ್ಯಾನೋಫ್ಯಾರಡ್, ಓಪನ್ ಸರ್ಕ್ಯೂಟ್ ಪೀಕ್ (ಏನನ್ನೂ ಜೋಡಿಸದಾಗಿನ ಗರಿಷ್ಠ ವೋಲ್ಟೇಜ್) 5 ವೋಲ್ಟ್ ಇರಲಿ. ತಕ್ಕ ಲೋಡ್ (ವಿದ್ಯುತ್ ಬಳಸುವ ರೆಸಿಸ್ಟರ್) 1 ÷ (ಒಮೆಗಾ × ಕೆಪಾಸಿಟೆನ್ಸ್), ಅಂದರೆ ಸುಮಾರು 26.5 ಕಿಲೋಓಮ್. ಆಗ ವೋಲ್ಟೇಜ್ 3.5ಕ್ಕೆ ಇಳಿದು ಪವರ್ 0.24 ಮಿಲಿವ್ಯಾಟ್ ಬರುತ್ತದೆ. ಮಿತಿಯೊಳಗೇ ಇದೆ, ಸರಿ.

ನಾನು ಮೊದಲ ಸಲ ಓಪನ್ ಸರ್ಕ್ಯೂಟ್ ವೋಲ್ಟೇಜನ್ನು ಶಾರ್ಟ್ ಸರ್ಕ್ಯೂಟ್ (ಎರಡು ತಂತಿ ನೇರವಾಗಿ ಜೋಡಿಸಿದಾಗಿನ) ಕರೆಂಟ್‌ನಿಂದ ಸುಮ್ನೆ ಗುಣಿಸಿದ್ದೆ. ಬಂದಿದ್ದು 0.94 ಮಿಲಿವ್ಯಾಟ್, ನಿಜಕ್ಕಿಂತ ನಾಲ್ಕು ಪಟ್ಟು ಜಾಸ್ತಿ! ಆ ವೋಲ್ಟೇಜ್, ಆ ಕರೆಂಟ್ ಎರಡೂ ಒಟ್ಟಿಗೆ ಸಿಗುವುದೇ ಇಲ್ಲ. ಮೊದಲೇ ಮಿತಿ ಲೆಕ್ಕ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಬ್ಯಾಟರಿಗೆ ಹೋಗಬೇಕಾದರೆ ಎಸಿಯನ್ನು ಡಿಸಿ ಮಾಡುವ, ಡಯೋಡ್‌ಗಳಿಂದಾದ ಬ್ರಿಡ್ಜ್ ರೆಕ್ಟಿಫೈಯರ್ ಬೇಕು. ಡಯೋಡ್‌ನಲ್ಲಿ ನಷ್ಟವೇ ಇಲ್ಲ ಅಂದುಕೊಂಡರೂ ಗರಿಷ್ಠ 0.15 ಮಿಲಿವ್ಯಾಟ್. ನಿಜವಾದ ಡಯೋಡ್ ಹಾಕಿ 0.1 ಉಳಿಯಿತು ಅನ್ನಿ. ಸೆನ್ಸರ್‌ನ ಅಳತೆ ಕಳಿಸುವ, 30 ಮಿಲಿವ್ಯಾಟ್ ತಿನ್ನುವ ರೇಡಿಯೋ 5 ಮಿಲಿಸೆಕೆಂಡ್ ಮಾತಾಡಲು ಒಂದೂವರೆ ಸೆಕೆಂಡ್ ಕೂಡಿಡಬೇಕು. ಸೆನ್ಸರ್‌ಗೆ ಇದು ಧಾರಾಳ.

ಆದರೆ ಇದೆಲ್ಲ ಸರಿಯಾಗಿ 120 ಹರ್ಟ್ಸ್‌ನಲ್ಲಿ ಮಾತ್ರ. ಲೋಡ್ ಸೇರಿದ ಮೇಲೆ ಕ್ಯೂ 15ಕ್ಕೆ ಇಳಿದಿದ್ದರೂ, ಯಂತ್ರ 110 ಹರ್ಟ್ಸ್‌ಗೆ ಜಾರಿದರೆ ಪವರ್ ಸುಮಾರು ಏಳನೇ ಒಂದು ಪಾಲಾಗುತ್ತದೆ.